ಮಳೆಯ ಬಗ್ಗೆ ಮಾತ್ರ ಹೇಳುವೆ ಎಂದವರು

ನನಗೆ ಅವರು ಎಂದೂ ಸೇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋದ ತಿಂಗಳು ಈ ಹವಾಮಾನ ವಿಜ್ಞಾನಿ ತೀರಿಕೊಂಡ ಮೇಲೆ ಅವರು ಹುಟ್ಟಿ ಬೆಳೆದ ನಾರಾಯಣಖೇಡದಲ್ಲಿ, ನಿವೃತ್ತರಾಗಿ ಬಂದು ನೆಲೆಸಿದ್ದ ತಾಂಡೂರಿನಲ್ಲಿ, ನಮ್ಮ ಜಹೀರಾಬಾದಿನಲ್ಲಿ, ಎಲ್ಲ ಕಡೆ ಅವರ ಫೋಟೊಕ್ಕೆ ಹಾರ ಬಿದ್ದಿದೆ. ಎಲ್ಲರ ಬಾಯಲ್ಲೂ ಎಂಥ ದೊಡ್ಡ ಮನುಷ್ಯ ಎಂಬ ಒಂದೇ ಮಾತು. ಸ್ಮರಣ ಸಂಚಿಕೆ ತರುವ ಹುರುಪಿನಲ್ಲಿದ್ದವರು ನನಗೂ ಫೋನ್ ಮಾಡಿದರು.

"ವಕೀಲಬಾಯಿ, ನಿಮಗ ಅವರು ಸಣ್ಣವರಿದ್ದಾಗಿಂದ ಗೊತ್ತು. ನಾಕು ಒಳ್ಳೆ ಮಾತು ಬರ್ದು ಕೊಡ್ರಿ."

"ಒಳ್ಳೆ ಮಾತು ಬರಿಯೋರು ಭಾಳ ಮಂದಿ ಅದಾರಲ್ರಿ. ನಾ ಬರದ್ರ ಖರೇ ಬರೀತೀನಿ" ಎಂದೆ.

ಆ ಕಡೆಯವರು, "ಜರಾ ನೋಡ್ಕೊಂಡು ಬರೀರಿ" ಎಂದರು. ನೋಡಿಕೊಂಡೇ ಬರೆಯುತ್ತಿದ್ದೇನೆ.

ಅವರು ನನ್ನ ಅಣ್ಣನ ಸಹಪಾಠಿ. ನಾರಾಯಣಖೇಡದ ನಮ್ಮ ಮನೆಗೆ ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಎಂದು ನಾವೆಲ್ಲ ನಾಲಿಗೆ ಬದಲಿಸುತ್ತಾ ಬೆಳೆದವರು. ಅವರು ಮಾತ್ರ ಮೂರೂ ಭಾಷೆಯಲ್ಲಿ ಒಂದೇ ಕೆಲಸ ಮಾಡುತ್ತಿದ್ದರು. ವಾದ. ಉದ್ದ ಕತ್ತು, ಸಣಕಲು ಮೈ. ಯಾರಾದರೂ ಏನಾದರೂ ಕೇಳಿದರೆ ಎಡಗಣ್ಣು ಮುಚ್ಚಿ, ತೋರುಬೆರಳು ಎತ್ತಿ, "ತಡಿ, ನಿನ್ನ ಪ್ರಶ್ನೀನೇ ತಪ್ಪದ" ಎನ್ನುತ್ತಿದ್ದರು. ದೊಡ್ಡವರಾದ ಮೇಲೆ "ತಡಿರಿ" ಆಯಿತು, ಅಷ್ಟೇ ವ್ಯತ್ಯಾಸ. ಹೋಟೆಲಿನ ಮಾಣಿ "ಚಹಾ ಏನ್ರಿ, ಕಾಫಿ ಏನ್ರಿ" ಎಂದು ಕೇಳಿದಾಗಲೂ ಆ ಬೆರಳು ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಹವಾಮಾನ ಓದಲು ಹೈದರಾಬಾದಿಗೆ ಹೋಗಿ, ಮೊದಲ ರಜೆಗೆ ಊರಿಗೆ ಬಂದಿದ್ದರು. ನಮ್ಮ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕುವ ತಯಾರಿಯಲ್ಲಿದ್ದಳು. ಬಿಸಿ ಹಿಟ್ಟಿನ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತುವ ಮುಂಚೆ ಅವರನ್ನು ನಿಲ್ಲಿಸಿ ಕೇಳಿದಳು.

"ಮಳಿದೇ ಓದಾಕತ್ತೀಯಲ್ಲಪ್ಪ. ಇವತ್ತು ಬರ್ತದೇನು?"

ಅವರು ಅಂಗಳಕ್ಕೆ ಹೋಗಿ ಆಕಾಶ ನೋಡಿದರು, ಗಾಳಿ ನೋಡಿದರು, ಬರುವ ಸಂಭವ ಬಹಳ ಕಡಿಮೆ ಎಂದರು. ಅವ್ವ ಹಿಟ್ಟೆಲ್ಲ ಸಂಡಿಗೆ ಹಾಕಿ ಮುಗಿಸಿದ ಮೇಲೆ ಮಳೆ ಬಂತು. ಸಂಡಿಗೆ ಕರಗಿ ಗಂಜಿಯಾಗಿ ಮಾಳಿಗೆಯ ನೀರು ಹೋಗುವ ದೋಣಿಯಿಂದ ಅಂಗಳಕ್ಕೆ ಸುರಿಯಿತು. ಅವ್ವ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದರೆ ಈ ಮಹಾನುಭಾವರು ಕಟ್ಟೆಯ ಮೇಲೆ ಕೂತೇ, "ಕಡಿಮಿ ಅಂದಿದ್ದೆ ಅವ್ವ, ಇಲ್ಲ ಅಂದಿದ್ದಿಲ್ಲ" ಎಂದರು.

"ಅಷ್ಟು ನಮ್ಮ ಎಮ್ಮಿಗೂ ಗೊತ್ತದ ಬಿಡಪ್ಪ" ಎಂದಳು ಅವ್ವ.

ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಕಡಿಮೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಅವ್ವನಿಗೆ ತಿಳಿಸಿ ಹೇಳಲು ಅಡುಗೆಮನೆಯ ಬಾಗಿಲವರೆಗೂ ಬೆನ್ನು ಹತ್ತಿದರು. ಕರಗಿಹೋದ ಸಂಡಿಗೆಗೆ ಒಂದು 'ಅಯ್ಯೋ' ಅನ್ನಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಮುಂದೆ ಇಡೀ ಬದುಕು ಅವರು ಮಾಡಿದ್ದೂ ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಅವರ ವಿದ್ಯೆಯನ್ನು ನಾನು ಅಲ್ಲಗಳೆಯುವುದಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂದು ಹೇಳುವ ವಿಜ್ಞಾನಿಗಳು ಬಹಳ ಮಂದಿ ಇದ್ದಾರೆ. ಇವರು ಹಿಡಿದದ್ದು ಅದರೊಳಗಿನ ಒಂದು ಇಕ್ಕಟ್ಟಿನ ಓಣಿ. ಎಲ್ಲೋ ಕೇಳರಿಯದ ಮಳೆ ಸುರಿಯಿತು, ಎಲ್ಲೋ ಬಿಸಿಗಾಳಿಗೆ ಜನ ಸತ್ತರು ಎಂದಾಗ, ಭೂಮಿ ಬಿಸಿಯಾದದ್ದರ ಪಾಲು ಇದರಲ್ಲಿ ಎಷ್ಟು ಎಂದು ಲೆಕ್ಕ ಹಾಕುವುದು. ಅದಕ್ಕಾಗಿ ಕಂಪ್ಯೂಟರಿನಲ್ಲಿ ಎರಡು ಲೋಕ ಕಟ್ಟುತ್ತಿದ್ದರು. ಒಂದು ನಾವಿರುವ ಲೋಕ. ಇನ್ನೊಂದು, ಮನುಷ್ಯ ಕಲ್ಲಿದ್ದಲು, ಎಣ್ಣೆ ಸುಡದೇ ಇದ್ದಿದ್ದರೆ ಇರಬಹುದಾಗಿದ್ದ ಲೋಕ. ಎರಡರಲ್ಲೂ ಅದೇ ಮಳೆಗಾಲವನ್ನು ಮತ್ತೆ ಮತ್ತೆ ಸುರಿಸಿ, ಅಂಥ ಮಳೆ ಎಲ್ಲಿ ಹೆಚ್ಚು ಸಲ ಬರುತ್ತದೆ ಎಂದು ನೋಡುವುದು. ಕಾಲೇಜು ಹುಡುಗರಿಗೆ ಕವಡೆಯ ಮಾತಿನಲ್ಲಿ ಹೇಳುತ್ತಿದ್ದರು. ಕವಡೆಯ ಒಂದು ಮಗ್ಗುಲಿಗೆ ಮೇಣ ಮೆತ್ತಿದರೆ ಆ ಮಗ್ಗುಲು ಹೆಚ್ಚು ಸಲ ಕೆಳಗೆ ಬೀಳುತ್ತದೆ, ಇದೇ ಒಂದು ಸಲ ಬಿದ್ದದ್ದು ಮೇಣದಿಂದಲೇ ಎಂದು ಮಾತ್ರ ಆಣೆ ಮಾಡಲಾಗದು ಎಂದು. ಅವರು ಈ ಕೆಲಸ ಶುರುಮಾಡಿದಾಗ ಅವರ ಮೇಲಿನವರೇ ನಕ್ಕಿದ್ದರಂತೆ, ಒಂದು ಮಳೆಯನ್ನು ಹಿಡಿದು ಕಟಕಟೆಯಲ್ಲಿ ನಿಲ್ಲಿಸುವುದಕ್ಕೆ ಆಗುತ್ತದೆಯೇ ಎಂದು. ಇವರು ಬಿಡಲಿಲ್ಲ. ಬಡ್ತಿ ತಪ್ಪಿತು, ಒಂದೆರಡು ಕಡೆಯಿಂದ ಬೇರೆ ಊರಿಗೆ ಎತ್ತಿ ಹಾಕಿದರು. ಬಿಡಲಿಲ್ಲ. ಕೊನೆಗೆ ಕಾಲ ಬಂತು. ಎಲ್ಲಿ ನೆರೆ ಬಂದರೂ ಟಿವಿಯವರು ಇವರನ್ನೇ ಹುಡುಕಿಕೊಂಡು ಬರುವಂತಾಯಿತು.

ಕೊಹೀರಿನ ಪೇರಲ ತೋಟದವರು ಇವರಿಗೆ ಸನ್ಮಾನ ಮಾಡಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ವರ್ಷ ಆಲಿಕಲ್ಲು ಬಿದ್ದು ಕಾಯಿಯೆಲ್ಲ ನೆಲಕ್ಕೆ ಬಿದ್ದಿತ್ತು. ಇಂಥ ದೊಡ್ಡ ವಿಜ್ಞಾನಿ ಇದು ಹವಾಮಾನ ಬದಲಾವಣೆ ಎಂದು ಒಂದು ಮಾತು ಹೇಳಿದರೆ ಸರಕಾರ ಕಣ್ಣು ಬಿಟ್ಟೀತು ಎಂಬುದು ಅವರ ಆಸೆ. ಶಾಲು ಹೊದಿಸಿದರು, ಪೇಟ ಸುತ್ತಿದರು, ಮೈಕು ಕೈಗೆ ಕೊಟ್ಟರು. ಇವರು ಎಡಗಣ್ಣು ಮುಚ್ಚಿದರು. ಬಿಸಿಲಿನ ಬಗ್ಗೆ ಗಟ್ಟಿಯಾಗಿ ಹೇಳಬಲ್ಲೆ, ದೊಡ್ಡ ಮಳೆಯ ಬಗ್ಗೆಯೂ ಸಾಕಷ್ಟು ಹೇಳಬಲ್ಲೆ, ಆದರೆ ಆಲಿಕಲ್ಲಿನ ಬಗ್ಗೆ ನಮ್ಮ ಹತ್ತಿರ ಪುರಾವೆ ಸಾಲದು, ಅದಕ್ಕೂ ಇದಕ್ಕೂ ಗಂಟು ಹಾಕಲಾರೆ ಎಂದರು. ಪೇಟ ಸುತ್ತಿದ್ದ ಹಿರಿಯರು, ಸಭೆಗೆ ಹೋಗಿದ್ದ ನನ್ನ ಪಕ್ಕದಲ್ಲಿ ಬಂದು ಕೂತು, "ಹಂಗಾದ್ರ ಶಾಲು ತಿರುಗಿ ಕೊಡು ಅನ್ರಿ ಬಾಯಿ" ಎಂದು ಪಿಸುಗುಟ್ಟಿದರು. ನನಗೂ ಹಾಗೇ ಅನ್ನಿಸಿತ್ತು. ಇಲ್ಲದ್ದನ್ನು ಹೇಳು ಎನ್ನುವುದಿಲ್ಲ. ನೆಲದ ಮೇಲೆ ಬಿದ್ದ ಕಾಯಿಯನ್ನು ಒಂದು ಸಲ ಹೋಗಿ ನೋಡಬಹುದಿತ್ತು. ತೋಟ ರಸ್ತೆಯ ಆಚೆ ಬದಿಗೇ ಇತ್ತು.

ನನ್ನ ಅಣ್ಣನ ಮಗಳ ಮದುವೆ ತಾಂಡೂರಿನಲ್ಲಿ ಆಯಿತು. ವೈಶಾಖದ ಮಟಮಟ ಮಧ್ಯಾಹ್ನದ ಮುಹೂರ್ತ, ತಗಡಿನ ಮಾಡಿನ ಮಂಟಪ. ಇವರು ಹಿಂದಿನ ದಿನವೇ ಬಂದು ಅಣ್ಣನನ್ನು ಕಾಡತೊಡಗಿದರು.

"ಮುಹೂರ್ತ ಮುಂಜಾನಿಗಿ ತಗೊ. ಇಂಥ ಬಿಸಲಾಗ ಮಂದಿ ಬೀಳ್ತಾರ."

"ಅಯ್ಯನೋರು ತೆಗೆದ ಮುಹೂರ್ತ ನಾ ಹ್ಯಾಂಗ ಬದಲ್ ಮಾಡ್ಲೋ ಮಾರಾಯಾ? ಬೀಗರಿಗಿ ಏನಂತ ಹೇಳ್ಲಿ?"

"ಬೀಗರು ಬಿದ್ರೇನು ಹೇಳ್ತಿ?"

ಮದುವೆಮನೆಯಲ್ಲಿ ಆಡುವ ಮಾತೇ ಇದು? ಅಣ್ಣನ ಕಣ್ಣಲ್ಲಿ ನೀರು ಬಂತು. ಮರುದಿನ ಅಕ್ಷತೆಯ ಹೊತ್ತಿಗೆ ಬೀಗರಾರೂ ಬೀಳಲಿಲ್ಲ, ಬ್ಯಾಂಡಿನವನು ಬಿದ್ದ. ದಪ್ಪ ಕೆಂಪು ಕೋಟು ಹಾಕಿಕೊಂಡು ಕಹಳೆ ಊದುತ್ತಿದ್ದ ವಯಸ್ಸಾದ ಮನುಷ್ಯ ನಿಂತಲ್ಲೇ ಕುಸಿದ. ಎಲ್ಲರೂ ಗಾಬರಿಯಾಗಿ ನಿಂತಾಗ ಇವರೇ ಓಡಿಹೋಗಿ ಅವನನ್ನು ನೆರಳಿಗೆ ಎಳೆದರು, ಕೋಟು ಬಿಚ್ಚಿ ಎಸೆದರು, ತಣ್ಣೀರಿನ ಕೊಡ ತರಿಸಿ ಮೈಮೇಲೆ ಸುರಿದರು, ತಮ್ಮ ಉತ್ತರೀಯದಿಂದ ಗಾಳಿ ಹಾಕಿದರು. ಆ ಮನುಷ್ಯ ಉಳಿದದ್ದು ಇವರಿಂದಲೇ. ಅದನ್ನು ಹೇಳದಿದ್ದರೆ ನನ್ನ ನಾಲಿಗೆ ಸುಟ್ಟೀತು. ಆದರೆ ಗಾಳಿ ಹಾಕುತ್ತಲೇ, ಧಾರೆ ಎರೆಯಲು ನಿಂತಿದ್ದ ನನ್ನ ಅಣ್ಣನ ಕಡೆ ತಿರುಗಿ, ಮಂಟಪಕ್ಕೆಲ್ಲ ಕೇಳುವಂತೆ, "ನಾ ಹೇಳಿದ್ದಿಲ್ಲಾ?" ಎಂದು ಕೂಗುತ್ತಿದ್ದರು. ಒಂದು ಸಲವಲ್ಲ. ಅವನಿಗೆ ಎಚ್ಚರ ಬರುವವರೆಗೂ.

ಅಣ್ಣ ಅವರೊಂದಿಗೆ ಮಾತು ಬಿಟ್ಟ. ಆಮೇಲೆ ಅವನೇ ಮರೆತ. ನಾನು ಮರೆಯಲಿಲ್ಲ.

ಈಗ ಕೆರೆಯ ಮಾತಿಗೆ ಬರುತ್ತೇನೆ.

ನಾರಾಯಣಖೇಡದ ಕಡೆಯ ಒಂದು ಹಳ್ಳಿಯಲ್ಲಿ, ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ದಿನ ಬೆಳಿಗ್ಗೆಯಿಂದ ಸುರಿದ ಮಳೆಗೆ ಹಳೇ ಕೆರೆಯ ಒಡ್ಡು ಸಂಜೆಯ ಹೊತ್ತಿಗೆ ಒಡೆಯಿತು. ಕೆಳಗಿನ ಓಣಿಯ ಮನೆಗಳು ಕೊಚ್ಚಿ ಹೋದವು. ಸತ್ತವರಲ್ಲಿ ಆ ಊರಿನ ಹಿಟ್ಟಿನ ಗಿರಣಿಯವನೂ ಒಬ್ಬ. ನೀರು ಬರುವ ಸದ್ದಿಗೆ ಎಲ್ಲರೂ ಎತ್ತರದ ಕಡೆ ಓಡಿದಾಗ ಅವನು ಪಕ್ಕದ ಮನೆಯ ಕುರುಡು ಮುದುಕಿಯನ್ನು ಎತ್ತಿಕೊಂಡು ಬರಲು ಒಳಗೆ ಹೋದನಂತೆ. ಇಬ್ಬರೂ ಹೊರಗೆ ಬರಲಿಲ್ಲ. ಅವನ ಹೆಂಡತಿ ಶಿವಲೀಲಾ ಜಹೀರಾಬಾದಿನ ನನ್ನ ಆಫೀಸಿಗೆ ಬಂದಾಗ ಅವಳ ಹಿಂದೆ ಆ ಓಣಿಯ ಉಳಿದವರೂ ಇದ್ದರು. ಒಡ್ಡಿನ ತೂಬಿನ ಬಳಿ ನೀರು ಒಸರುತ್ತಿರುವುದನ್ನು ಊರವರು ಹಿಂದಿನ ವರ್ಷದಿಂದಲೇ ನೀರಾವರಿ ಇಲಾಖೆಯವರಿಗೆ ತೋರಿಸುತ್ತಾ ಬಂದಿದ್ದರು. ಇಂಜಿನಿಯರ್ ಬಂದು ನೋಡಿ, ತಲೆಯಾಡಿಸಿ, ಹೋಗಿದ್ದ.

ಆ ವಾರವೇ ಪತ್ರಿಕೆಗಳಲ್ಲಿ ಇವರ ಮಾತು ಬಂತು. ಇವರು ತಮ್ಮ ಎರಡು ಲೋಕಗಳಲ್ಲಿ ಆ ಮಳೆಯನ್ನು ಸುರಿಸಿ ನೋಡಿ, ಭೂಮಿ ಬಿಸಿಯಾಗಿರುವುದರಿಂದ ಇಂಥ ಮಳೆಯ ಸಂಭವ ಹೆಚ್ಚಿದೆ ಎಂದಿದ್ದರು. ಪತ್ರಿಕೆಯವರು 'ದುರಂತಕ್ಕೆ ಹವಾಮಾನ ಬದಲಾವಣೆಯೇ ಕಾರಣ' ಎಂದು ದೊಡ್ಡಕ್ಷರದಲ್ಲಿ ಹಾಕಿದರು. ಇಲಾಖೆಗೆ ಇನ್ನೇನು ಬೇಕು? ಸರಕಾರ ಒಬ್ಬ ನಿವೃತ್ತ ನ್ಯಾಯಾಧೀಶರನ್ನು ವಿಚಾರಣೆಗೆ ನೇಮಿಸುವ ಹೊತ್ತಿಗೆ ಇಂಜಿನಿಯರಿನಿಂದ ಹಿಡಿದು ಕಚೇರಿಯ ಜವಾನನವರೆಗೆ ಎಲ್ಲರ ಬಾಯಲ್ಲೂ 'ಕ್ಲೈಮೇಟ್ ಚೇಂಜ್' ಶಿವನಾಮದ ಹಾಗೆ ಕೂತುಬಿಟ್ಟಿತ್ತು.

ಶಿವಲೀಲಾ ನನ್ನನ್ನು ಕೇಳಿದಳು. "ಮಳಿ ದೊಡ್ಡದೇ ಇತ್ತು ಬಾಯಿ, ನಾ ಇಲ್ಲನ್ನಂಗಿಲ್ಲ. ಮಳಿ ಮ್ಯಾಲಿನ ಶಿವಂದು. ಒಡ್ಡು ಯಾರ್ದು?"

ನಾನು ಅವಳನ್ನು ಕರೆದುಕೊಂಡು ತಾಂಡೂರಿಗೆ ಹೋದೆ. ಅಣ್ಣನ ಗೆಳೆಯ, ಒಂದು ಮಾತು ಹೇಳಿಸಿದರೆ ಆದೀತು ಎಂಬ ನಂಬಿಕೆ. ನುಣ್ಣಗೆ ಪಾಲಿಷ್ ಮಾಡಿದ ತಾಂಡೂರು ಕಲ್ಲಿನ ನೆಲದ ಮನೆ, ಕಾಲಿಟ್ಟರೆ ತಂಪು. ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಶಿವಲೀಲಾ ಆ ಊರಿನವಳು ಎಂದು ಗೊತ್ತಾದ ಕೂಡಲೇ ಇವರ ಮುಖ ಅರಳಿತು. ಹೌದು, ಅರಳಿತು. ಬೇರೆ ಪದ ನನಗೆ ಸಿಗುತ್ತಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತು ಕೇಳತೊಡಗಿದರು.

"ಮಳಿ ಜೋರು ಹಿಡಿದಿದ್ದು ಎಷ್ಟೊತ್ತಿಗಮ್ಮ? ಹನಿ ದಪ್ಪ ಇದ್ವಾ ಸಣ್ಣ ಇದ್ವಾ? ಗಾಳಿ ಯಾ ಕಡಿಂದ ಇತ್ತು? ನಡುವೆ ಏನರ ನಿಂತಿತ್ತಾ?"

ಅವಳು ತಿಳಿದಷ್ಟು ಹೇಳಿದಳು. ಇವರು ತಿರುಗಿಸಿ ತಿರುಗಿಸಿ ಕೇಳಿದರು. ಅವಳ ದನಿ ಸಣ್ಣದಾಗುತ್ತಾ ಬಂದದ್ದು ನನಗೆ ಕಂಡಿತು, ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಗೂ ಕಂಡಿತು. ಇವರಿಗೆ ಕಾಣಲಿಲ್ಲ.

"ಒಡ್ಡು ಒಡಿಯೋಕಿಂತ ಮುಂಚೆ ಮಳಿ ಕಡಿಮಿ ಆಗಿತ್ತೋ, ಹಂಗೇ ಇತ್ತೋ? ಬರಾಬರ್ ನೆನಪು ಮಾಡ್ಕೊ."

"ನನ್ನ ಗಂಡ ನೀರಾಗ ಹೋಗ್ಯಾನ್ರಿ" ಎಂದಳು ಶಿವಲೀಲಾ. "ನಾ ಮಳಿ ನೋಡಾಕ ನಿಂತಿದ್ದಿಲ್ಲ."

ಅವರು ನನ್ನ ಕಡೆ ತಿರುಗಿದರು. "ತಂಗಿ, ಇಲಾಖೆಯವರದು ಒಂದು ಮಳಿ ಅಳತಿ ಡಬ್ಬಿ ಇತ್ತಲ್ಲ ಆ ಊರಾಗ, ಅದೂ ಹೋಯ್ತೇನು?"

ನನಗೆ ಮೈಯೆಲ್ಲ ಉರಿಯಿತು. ಆದರೂ ಬಂದ ಕೆಲಸ ಆಗಬೇಕಲ್ಲ. "ಅಣ್ಣಾ, ನಿನ್ನ ಮಾತು ಹಿಡ್ಕೊಂಡು ಅವರೆಲ್ಲಾ ಪಾರಾಗಾಕತ್ಯಾರ. ಒಡ್ಡು ಒಡೆದಿದ್ದು ಮಳಿಯಿಂದ ಅಲ್ಲ, ರಿಪೇರಿ ಮಾಡದೇ ಬಿಟ್ಟಿದ್ದಕ್ಕ ಅಂತ ಒಂದು ಮಾತು ವಿಚಾರಣಿಯೊಳಗ ಹೇಳು."

ಎಡಗಣ್ಣು ಮುಚ್ಚಿತು. ಬೆರಳು ಎದ್ದಿತು. "ತಡಿ, ನಿನ್ನ ಪ್ರಶ್ನೀನೇ ತಪ್ಪದ. ನಾ ಮಳಿ ಬಗ್ಗೆ ಮಾತ್ರ ಹೇಳಾಂವ. ಒಡ್ಡು ಯಾಕ ಒಡೀತು ಅಂಬೋದು ನನಗ ಗೊತ್ತಿಲ್ಲ. ಗೊತ್ತಿಲ್ಲದ್ದು ಹ್ಯಾಂಗ ಹೇಳ್ಲಿ?"

"ಈಕಿ ಮುಖ ನೋಡಿ ಹೇಳು."

"ಮುಖ ನೋಡಿ ಹೇಳಿದ್ರ ಅದು ವಿಜ್ಞಾನ ಆಗಂಗಿಲ್ಲ, ತಂಗಿ."

ನಾನು ಎದ್ದುಬಿಟ್ಟೆ. ಬಾಗಿಲವರೆಗೂ ಅವರು ಬಂದರು, ಬೀಳ್ಕೊಡುವುದಕ್ಕಲ್ಲ. ಆ ಅಳತೆಯ ಡಬ್ಬಿ ಸಿಕ್ಕರೆ ತಿಳಿಸು ಎಂದು ಹೇಳುವುದಕ್ಕೆ. ಪೆದ್ದೆಮುಲ್ ದಾಟುವವರೆಗೂ ಕಾರಿನಲ್ಲಿ ಶಿವಲೀಲಾ ಕಿಟಕಿಯ ಹೊರಗೆ ತೊಗರಿಯ ಹೊಲ ನೋಡುತ್ತಾ ಕೂತಿದ್ದಳು.

ವಿಚಾರಣೆ ಜಹೀರಾಬಾದಿನ ಒಂದು ಸರಕಾರಿ ಬಂಗಲೆಯ ಹಾಲಿನಲ್ಲಿ ನಡೆಯಿತು. ತಿಂಗಳುಗಟ್ಟಲೆ ಎಳೆಯಿತು. ಊರವರ ಸಾಕ್ಷಿಯನ್ನು ಇಲಾಖೆಯ ವಕೀಲರು ಹುರಿದು ಮುಕ್ಕಿದರು. ನೀವೇನು ಇಂಜಿನಿಯರಾ, ತೂಬಿನ ನೀರು ಒಸರಿದ್ದು ಮಳೆಯದೋ ಕೆರೆಯದೋ ನಿಮಗೆ ಹೇಗೆ ಗೊತ್ತು ಎಂದು. ಕೊನೆಗೆ ಇಲಾಖೆಯವರು ತಮ್ಮ ಕಡೆಯ ಸಾಕ್ಷಿಯಾಗಿ ಇವರನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ನೀರಿನ ಬಾಟಲಿ. ನಮ್ಮತ್ತ ನೋಡಲಿಲ್ಲ. ಇಂಜಿನಿಯರ್ ಸಾಹೇಬರು ಎದ್ದು ಇವರಿಗೆ ಕುರ್ಚಿ ತೋರಿಸಿದರು.

ಇಲಾಖೆಯ ವಕೀಲರು ಕೇಳಿದರು. ಆ ದಿನದ ಮಳೆ ಅಸಾಧಾರಣವೇ? ಹೌದು. ಭೂಮಿ ಬಿಸಿಯಾಗಿರುವುದಕ್ಕೂ ಅದಕ್ಕೂ ಸಂಬಂಧವಿದೆಯೇ? ಇದೆ, ಅದರಿಂದ ಅಂಥ ಮಳೆಯ ಸಂಭವ ಹೆಚ್ಚಿದೆ. ಅಂದರೆ ಇದು ಮನುಷ್ಯನ ಕೈಮೀರಿದ್ದು ಎನ್ನಬಹುದೇ? ಅಲ್ಲಿ ಬೆರಳು ಎದ್ದಿತು. ಕೈಮೀರಿದ್ದು ಎಂದು ನಾನು ಹೇಳಲಿಲ್ಲ, ಸಂಭವ ಹೆಚ್ಚಿದೆ ಎಂದೆ ಎಂದರು. ವಕೀಲರಿಗೆ ಅಷ್ಟೇ ಸಾಕಾಗಿತ್ತು. ಗೆದ್ದವರ ಹಾಗೆ ಕೂತರು.

ನಾನು ಎದ್ದು ನಿಂತೆ. ಕೇಳಬೇಕೆಂದು ತಯಾರಿ ಮಾಡಿಕೊಂಡಿದ್ದೆಲ್ಲ ಕೇಳಿದೆ. ಮಳೆ ಸ್ವಲ್ಪ ಕಡಿಮೆ ಬಂದಿದ್ದರೆ ಒಡ್ಡು ನಿಲ್ಲುತ್ತಿತ್ತೇ? ಗೊತ್ತಿಲ್ಲ. ತೂಬು ಸರಿಯಿದ್ದಿದ್ದರೆ? ಗೊತ್ತಿಲ್ಲ, ನನ್ನ ವಿಷಯವಲ್ಲ. ಹಾಲಿನ ಹಿಂಭಾಗದಲ್ಲಿ ಶಿವಲೀಲಾ ಗೋಡೆಗೆ ಒರಗಿ ನಿಂತಿದ್ದಳು. ಕೇಳಲು ನನಗೆ ಇನ್ನೇನೂ ಉಳಿದಿರಲಿಲ್ಲ. ಸಿಟ್ಟಿನಲ್ಲಿ, ಬರೀ ಚುಚ್ಚುವುದಕ್ಕೆಂದು, ಒಂದು ಮಾತು ಎಸೆದೆ.

"ಇಂಥಾ ಮಳಿ ಬರ್ತದ, ಬರ್ತದ ಅಂತ ಇಷ್ಟು ವರ್ಷ ಟಿವಿಯೊಳಗ ಹೇಳ್ತಾ ಬಂದೀರಿ. ಟಿವಿಯವರಿಗಷ್ಟೇ ಹೇಳೀರೋ, ಒಡ್ಡು ಕಾಯೋ ಮಂದಿಗೂ ಯಾರಿಗರ ಹೇಳೀರೋ?"

ಅವರು ನನ್ನ ಕಡೆ ನೋಡಿದರು. ಎರಡೂ ಕಣ್ಣು ತೆರೆದೇ ಇದ್ದವು.

"ಇದು ಬರಾಬರ್ ಪ್ರಶ್ನಿ" ಎಂದರು. "ಹೇಳೀನಿ."

"ಯಾರಿಗಿ?"

"ಆ ಮಳಿಗಾಲಕ್ಕಿಂತ ಮೊದಲು ಜಿಲ್ಲಾ ಕಚೇರಿಯೊಳಗ ಮೀಟಿಂಗ್ ಇತ್ತು. ನನಗ ಕರೆದಿದ್ರು. ಹಳೀ ಕೆರಿ ಕಟ್ಟಿದಾಗಿನ ಮಳಿ ಬ್ಯಾರೆ, ಈಗಿಂದು ಬ್ಯಾರೆ. ಈ ಭಾಗದಾಗ ಇನ್ನ ಮ್ಯಾಲ ಇದಕ್ಕಿಂತ ದೊಡ್ಡ ಮಳಿ ಬರ್ತದಂತ ಲೆಕ್ಕ ಹಿಡೀರಿ, ತೂಬು, ಕೋಡಿ ಎಲ್ಲಾ ಈಗೇ ನೋಡಿ ಸರಿ ಮಾಡ್ರಿ ಅಂತ ಹೇಳಿದ್ದೆ."

"ಅಲ್ಲಿ ಯಾರಿದ್ರು?"

ಅವರು ಆ ಉದ್ದ ಬೆರಳನ್ನು ತಮಗೆ ಕುರ್ಚಿ ತೋರಿಸಿದ್ದ ಇಂಜಿನಿಯರಿನತ್ತ ಚಾಚಿದರು. "ಇವರಿದ್ರು. ನನ್ನ ಬಾಜೂಕೇ ಕೂತಿದ್ರು. ನೋಡ್ತೀವಿ ಸರ್ ಅಂದಿದ್ರು."

ಇಲಾಖೆಯ ವಕೀಲರು ಎದ್ದು ನಿಂತು, ಸಾಕ್ಷಿದಾರರು ಹೇಳುತ್ತಿರುವುದರ ಅರ್ಥ ಅದಲ್ಲ ಎಂದು ಏನೋ ತಡವರಿಸಿದರು. "ಅರ್ಥ ಗಿರ್ಥ ನಾ ಏನೂ ಹೇಳಿಲ್ಲ. ಹೇಳೀರೇನು ಅಂತ ಕೇಳಿದ್ರು, ಹೇಳೀನಿ ಅಂದೆ" ಎಂದರು ಇವರು. ನ್ಯಾಯಾಧೀಶರು ಕನ್ನಡಕ ತೆಗೆದು ಇಂಜಿನಿಯರನ್ನು ಎದ್ದು ನಿಲ್ಲಲು ಹೇಳಿದರು.

ಆ ದಿನ ನಾನು ಅವರಿಗೆ ಕೈಮುಗಿಯಬೇಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಹೊರಗೆ ಬಂಗಲೆಯ ಬೇವಿನ ಮರದ ಕೆಳಗೆ ಚಹಾದ ಬಂಡಿಯ ಹತ್ತಿರ ಅವರು ಒಬ್ಬರೇ ನಿಂತಿದ್ದರು. ನಾನು ನೇರವಾಗಿ ಹೋಗಿ ಕೇಳಿದೆ.

"ಅಣ್ಣಾ, ಆಕಿನ್ನ ಕರ್ಕೊಂಡು ನಿನ್ನ ಮನಿಗೆ ಬಂದಿದ್ದೆನಲ್ಲಾ. ಆವತ್ತೇ ಇದು ಯಾಕ ಹೇಳ್ಲಿಲ್ಲ? ಇಷ್ಟು ತಿಂಗಳು ಆಕಿ ಹ್ಯಾಂಗ ಇದ್ದಾಳ ಗೊತ್ತದೇನು ನಿನಗ?"

"ನೀ ಕೇಳ್ಲಿಲ್ಲಲ್ಲ. ಒಡ್ಡು ಯಾಕ ಒಡೀತು ಅಂತ ಕೇಳಿದಿ. ಅದು ನನಗ ಆವತ್ತೂ ಗೊತ್ತಿಲ್ಲ, ಇವತ್ತೂ ಗೊತ್ತಿಲ್ಲ."

"ಮನುಷ್ಯ ಅಂದಮ್ಯಾಲ ಕೇಳದೇನೂ ಹೇಳಬೇಕಾಗ್ತದ."

ಅವರು ನನ್ನನ್ನು ನಿಜವಾಗಿಯೂ ಅರ್ಥವಾಗದವರ ಹಾಗೆ ನೋಡಿದರು. ನಟನೆಯಲ್ಲ. ನಟನೆಯಾಗಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಆಮೇಲೆ ಬಂಡಿಯವನ ಕಡೆ ತಿರುಗಿ ಸಕ್ಕರೆ ಇಲ್ಲದ ಚಹಾ ಸಿಗುತ್ತದೆಯೇ ಎಂದು ಕೇಳಿದರು.

ವರದಿ ಬಂತು. ಮಳೆ ದೊಡ್ಡದೇ, ಆದರೆ ಅದು ಬರುತ್ತದೆಂದು ತಿಳಿಸಲಾಗಿತ್ತು, ತಿಳಿದೂ ಒಡ್ಡನ್ನು ಕಡೆಗಣಿಸಲಾಗಿದೆ ಎಂದು ನ್ಯಾಯಾಧೀಶರು ಬರೆದರು. ಇಂಜಿನಿಯರ್ ಅಮಾನತಾದ. ಎಷ್ಟೋ ಕಾಲದ ಮೇಲೆ ಬೇರೆ ಕಡೆ ತಿರುಗಿ ಕೆಲಸಕ್ಕೆ ಸೇರಿಕೊಂಡ ಎಂಬುದೂ ನಿಜ. ಕೆಳಗಿನ ಓಣಿಯವರಿಗೆ ಎತ್ತರದ ಜಾಗದಲ್ಲಿ ಮನೆಗಳಾದವು. ಒಡ್ಡು ಹೊಸದಾಯಿತು. ಆಚೀಚಿನ ಊರಿನ ಕೆರೆಗಳ ತೂಬುಗಳಿಗೂ ಆ ಬೇಸಿಗೆಯಲ್ಲಿ ಸಿಮೆಂಟು ಕಂಡಿತು. ಹೋದ ವರ್ಷದ ದೊಡ್ಡ ಮಳೆಗೆ ಅವೆಲ್ಲ ನಿಂತವು. ಇದೆಲ್ಲ ಅವರ ಒಂದು ಮಾತಿನಿಂದ ಆದದ್ದು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆ ಮಾತನ್ನು ಅವರ ಬಾಯಿಂದ ಹೊರಡಿಸಿದವಳು ನಾನೇ, ಅದೂ ಆಕಸ್ಮಿಕವಾಗಿ. ಆ ಸಿಟ್ಟು ನನಗೆ ಆ ದಿನ ಬಾರದೇ ಇದ್ದಿದ್ದರೆ? ಅವರು ಬಾಟಲಿಯ ನೀರು ಕುಡಿದು, ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಿ, ತಾಂಡೂರಿನ ಬಸ್ಸು ಹತ್ತಿ ಹೋಗಿರುತ್ತಿದ್ದರು.

ಮೊನ್ನೆ ಜಹೀರಾಬಾದಿನ ಬಸವ ಮಂಟಪದಲ್ಲಿ ಅವರ ನುಡಿನಮನ ಇತ್ತು. ಮಾತಾಡಿದವರೆಲ್ಲ ಅವರ ಕರುಣೆ, ಅವರ ಸರಳತೆ, ರೈತರ ಮೇಲೆ ಅವರಿಗಿದ್ದ ಪ್ರೀತಿ ಎಂದು ಹೊಗಳಿದರು. ನನ್ನ ಸರದಿ ಬಂದಾಗ ನಾನು, "ಅವರು ಸುಳ್ಳು ಹೇಳಲಿಲ್ಲ. ಅದೊಂದು ಬಿಟ್ಟು ಈಗ ಇಲ್ಲಿ ಹೇಳಿದ ಯಾವ ಗುಣವನ್ನೂ ನಾನು ಅವರಲ್ಲಿ ಕಾಣಲಿಲ್ಲ" ಎಂದು ಇಳಿದುಬಿಟ್ಟೆ. ಸಭೆಯಲ್ಲಿ ಗುಜುಗುಜು ಎದ್ದಿತು. ಮುಗಿದ ಮೇಲೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡೆ.

"ನೀವೊಬ್ರೇ ನೋಡ್ರಿ ನಮ್ಮನಿಯೋರ ಬಗ್ಗೆ ಮಾತಾಡಿದ್ದು. ಉಳಿದೋರೆಲ್ಲಾ ಯಾರ ಬಗ್ಗೆ ಮಾತಾಡಿದ್ರೋ ಏನೋ" ಎಂದರು. ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. "ಆ ವಿಚಾರಣಿ ಆದಮ್ಯಾಲ ಇವರಿಗಿ ಯಾವ ಮೀಟಿಂಗಿಗೂ ಕರೀಲಿಲ್ರಿ. ಒಂದಕ್ಕೂ ಕರೀಲಿಲ್ಲ. ಮುಂಜಾನಿ ಎದ್ದು ಅಂಗಿ ಇಸ್ತ್ರಿ ಮಾಡಿ ಇಟ್ಕೋತಿದ್ರು, ಯಾರರ ಫೋನ್ ಮಾಡ್ತಾರೇನೋ ಅಂತ."

"ನಮಗ ಯಾರಿಗೂ ಹೇಳ್ಲಿಲ್ಲಲ್ಲಾ ಅವರು."

"ನೀವು ಯಾರರ ಕೇಳೀರೇನ್ರಿ?" ಎಂದರು ಆಕೆ.

ಆಕೆಯ ಗಂಡನ ಮೇಲಿನ ಗೌರವ ಆ ಸಂಜೆ ಹೆಚ್ಚಿತು. ಪ್ರೀತಿ ಮಾತ್ರ ಈಗಲೂ ಇಲ್ಲ.

ಆ ಸಭೆಗೆ ಬರುತ್ತೀಯಾ ಎಂದು ನಾನು ಶಿವಲೀಲಾಳನ್ನೂ ಕೇಳಿದ್ದೆ. ಬೇರೊಂದು ಕೆಲಸಕ್ಕೆ ಆ ಕಡೆ ಹೋಗಿದ್ದವಳು ಅವಳ ಹೊಸ ಮನೆಯ ಮುಂದೆ ಕಾರು ನಿಲ್ಲಿಸಿದ್ದೆ. ಪಕ್ಕದ ಖೋಲಿಯಲ್ಲಿ ಗಿರಣಿ ಓಡುತ್ತಿತ್ತು. ಅವಳು ಯಂತ್ರ ನಿಲ್ಲಿಸಿ, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಸುದ್ದಿ ಅವಳಿಗೆ ಆಗಲೇ ಗೊತ್ತಿತ್ತು.

"ನಾ ಬರಂಗಿಲ್ರಿ ಬಾಯಿ" ಎಂದಳು. "ಅವರ ಮಾತಿನಿಂದೇ ನಮ್ಮ ಓಣಿಗಿ ನೆರಳಾತು. ಅವರಿಗಿ ಶಿವ ಒಳ್ಳೇದು ಮಾಡ್ಲಿ. ಆದ್ರ ಅವರ ಮನ್ಯಾಗ ಅಷ್ಟೊತ್ತು ಕೂತಿದ್ದೆ. ಮಳಿದು ಎಲ್ಲಾ ಕೇಳಿದ್ರು. ಹೋದಾಂವನ ಹೆಸರು ಏನಂತ ಕೇಳ್ಲಿಲ್ಲ."

ಅವನ ಹೆಸರು ಸಂಗಪ್ಪ. ಹಿಟ್ಟು ಬಿಸಿಯಾಗದ ಹಾಗೆ ಜೋಳ ಬೀಸಿ ಕೊಡುತ್ತಾನೆಂದು ಸುತ್ತಲಿನ ಊರಿನವರೆಲ್ಲ ಅವನ ಗಿರಣಿಗೇ ಬರುತ್ತಿದ್ದರಂತೆ.